ಫೈಬರ್ ಹಾಕಿದರೆ 5ಜಿ ಲ್ಯಾಬ್ ನಿಲ್ಲುತ್ತದೆ, ವೈರ್‌ಲೆಸ್‌ನಲ್ಲಿ ಸರಾಗ: ಎಸ್‌ಡಿಎನ್ ಕಂಟ್ರೋಲರ್ ತಪ್ಪೇ?

ಎಳೆಬೆಳಕು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದೇವೆ. ದಯವಿಟ್ಟು ದಾರಿ ತೋರಿಸಿ.

ನಮ್ಮ ಲ್ಯಾಬ್ ಹೀಗಿದೆ. ಮೇನ್ ಬ್ಲಾಕ್‌ನಲ್ಲಿ ಒಂದು ಪಿಸಿ. ಅದರಲ್ಲಿ ಓಪನ್5ಜಿಎಸ್ ಕೋರ್ (5ಜಿ ಜಾಲದ ಕೇಂದ್ರ ತಂತ್ರಾಂಶ), ಜೊತೆಗೆ ರ್ಯೂ ಎಂಬ ಎಸ್‌ಡಿಎನ್ ಕಂಟ್ರೋಲರ್, ಅಂದರೆ ಸ್ವಿಚ್‌ಗಳಿಗೆ ದಾರಿ ಹೇಳಿಕೊಡುವ ತಂತ್ರಾಂಶ. 600 ಮೀಟರ್ ದೂರದ ವರ್ಕ್‌ಶಾಪ್ ಕಟ್ಟಡದಲ್ಲಿ ಇನ್ನೊಂದು ಪಿಸಿ. ಅಲ್ಲಿ ಎಸ್‌ಆರ್‌ಎಸ್‌ರಾನ್ ಜಿಎನ್‌ಬಿ (5ಜಿ ಬೇಸ್ ಸ್ಟೇಷನ್ ತಂತ್ರಾಂಶ), ಯುಎಸ್‌ಆರ್‌ಪಿ ಬಿ210 ರೇಡಿಯೋ ಮತ್ತು ಒಂದು 5ಜಿ ಮೋಡೆಮ್. ಎರಡೂ ಕಡೆ ಓಪನ್ ವಿಸ್ವಿಚ್ (ತಂತ್ರಾಂಶದ ಸ್ವಿಚ್), ಅದು ಕಂಟ್ರೋಲರ್ ಜೊತೆ ಮಾತಾಡುವುದು ಓಪನ್‌ಫ್ಲೋ 1.3ರಲ್ಲಿ. ನಡುವೆ ಎರಡು ದಾರಿ. ಒಂದು ಕ್ಯಾಂಪಸ್‌ನ ಜಿಪಾನ್ ಫೈಬರ್ (ಒಂದೇ ಫೈಬರನ್ನು ಹಲವರು ಹಂಚಿಕೊಳ್ಳುವ ಜಾಲ; ಕೇಂದ್ರದ ಪೆಟ್ಟಿಗೆ ಓಎಲ್‌ಟಿ, ನಮ್ಮ ತುದಿಯದು ಓಎನ್‌ಯು). ಇನ್ನೊಂದು ಟೆರೇಸ್‌ನಿಂದ ಟೆರೇಸ್‌ಗೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್. ವರ್ಕ್‌ಶಾಪ್‌ನ ಸಿಸಿಟಿವಿ ಬ್ಯಾಕಪ್ ಕೂಡ ಅದೇ ಫೈಬರ್‌ನಲ್ಲಿ ಹೋಗುತ್ತದೆ. ಅದಕ್ಕೇ ಈ ಪ್ರಾಜೆಕ್ಟ್. ಫೈಬರ್ ತುಂಬಿದಾಗ ಕಂಟ್ರೋಲರ್ ತಾನೇ ನೋಡಿ ಮೊಬೈಲ್ ಡೇಟಾವನ್ನು ವೈರ್‌ಲೆಸ್‌ಗೆ ತಿರುಗಿಸಬೇಕು. ಖಾಲಿಯಾದಾಗ ವಾಪಸ್ ತರಬೇಕು.

ಗಾಳಿಗೆ ಏನೂ ಬಿಡುತ್ತಿಲ್ಲ. ಮೋಡೆಮ್ ಮತ್ತು ಬಿ210 ನಡುವೆ ಕೇಬಲ್ ಹಾಕಿ 60 ಡಿಬಿ ಅಟೆನ್ಯುಯೇಟರ್ ಇಟ್ಟಿದ್ದೇವೆ.

ಸಮಸ್ಯೆ 1: ಫೈಬರ್ ಕಿತ್ತು ಬರೀ ವೈರ್‌ಲೆಸ್ ಇಟ್ಟರೆ ಎಲ್ಲ ಸರಿ. ಡೌನ್‌ಲೋಡ್ 60 ಎಂಬಿಪಿಎಸ್ ಆಸುಪಾಸು ಬರುತ್ತದೆ. ಫೈಬರ್ ಹಾಕಿದರೆ ಮೋಡೆಮ್ ರಿಜಿಸ್ಟರ್ ಆಗುತ್ತದೆ, ಐಪಿ ಸಿಗುತ್ತದೆ, ಪಿಂಗ್ ಕೂಡ ಚೆನ್ನಾಗಿ ಬರುತ್ತದೆ. ಆದರೆ ವೆಬ್ ಪುಟ ಅರ್ಧಕ್ಕೇ ನಿಲ್ಲುತ್ತದೆ. ವೇಗ ಅಳೆಯುವ ಐಪರ್ಫ್ ಸೊನ್ನೆ ತೋರಿಸುತ್ತದೆ.

ಸಮಸ್ಯೆ 2: ಎರಡೂ ದಾರಿ ಹಾಕಿ ಬಿಟ್ಟರೆ ಏಳೆಂಟು ನಿಮಿಷಕ್ಕೊಮ್ಮೆ ಇಡೀ ನೆಟ್‌ವರ್ಕ್ ಸತ್ತ ಹಾಗಾಗುತ್ತದೆ. ಓಎನ್‌ಯು ಮತ್ತು ಬ್ರಿಡ್ಜ್‌ನ ಲೈಟುಗಳು ಒಂದೇ ಸಮನೆ ಮಿನುಗುತ್ತವೆ. ಕಂಟ್ರೋಲರ್ ಲಾಗ್‌ನಲ್ಲಿ ವರ್ಕ್‌ಶಾಪ್ ಸ್ವಿಚ್ ಡಿಸ್ಕನೆಕ್ಟ್ ಎಂದು ಬರುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ.

ನಿಮ್ಮ ಕೋಡ್ ತಪ್ಪು ಎಂದು ಗೈಡ್ ಹೇಳುತ್ತಿದ್ದಾರೆ. ಎರಡು ಸಲ ಪೂರ್ತಿ ಹೊಸದಾಗಿ ಬರೆದೆವು. ಏನೂ ಬದಲಾಗಲಿಲ್ಲ.

ಗಾಜುನೂಲು:

ಕೇಬಲ್‌ನಲ್ಲೇ ಮಾಡುತ್ತಿರುವುದು ತುಂಬ ಒಳ್ಳೆಯದಮ್ಮ. ಮೊಬೈಲ್ ಬ್ಯಾಂಡ್‌ನಲ್ಲಿ ಲೈಸೆನ್ಸ್ ಇಲ್ಲದೆ ಗಾಳಿಗೆ ಬಿಡಬಾರದು. ಮುಂದೆ ಗಾಳಿಯಲ್ಲೇ ಪರೀಕ್ಷೆ ಬೇಕಾದರೆ, 2022ರ ಮೇ 17ರಂದು ಶುರುವಾದ ದೇಸಿ 5ಜಿ ಟೆಸ್ಟ್‌ಬೆಡ್ ಇದೆ. ಐಐಟಿ ಮದ್ರಾಸ್ ಮುಂದಾಳತ್ವದ ಎಂಟು ಸಂಸ್ಥೆಗಳಲ್ಲಿ ನಮ್ಮ ಐಐಎಸ್‌ಸಿಯೂ ಒಂದು. ಕಾಲೇಜಿನ ಮೂಲಕ ಕೇಳಿ ನೋಡಿ.

ನಾನು ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಮೊದಲು ಗಾಜನ್ನೇ ನೋಡೋಣ. ವರ್ಕ್‌ಶಾಪ್ ಓಎನ್‌ಯುನಲ್ಲಿ ಬೆಳಕಿನ ಮಟ್ಟ ಎಷ್ಟಿದೆ? ಕನೆಕ್ಟರ್ ಹಸಿರೋ ನೀಲಿಯೋ? ಹಸಿರು ಎಪಿಸಿ, ಅದರ ತುದಿ ಓರೆಯಾಗಿರುತ್ತದೆ. ನೀಲಿ ಯುಪಿಸಿ. ಒಂದಕ್ಕೊಂದು ಸಿಕ್ಕಿಸಿದರೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ವಾಪಸ್ಸೂ ಹೊಡೆಯುತ್ತದೆ. ಕಾಲೇಜುಗಳಲ್ಲಿ ಈ ತಪ್ಪು ಬಹಳ ನೋಡಿದ್ದೇನೆ.

ಎಳೆಬೆಳಕು:

ನೋಡಿದೆ ಸರ್. ಎರಡೂ ಕಡೆ ಹಸಿರು. ಓಎನ್‌ಯು ಪುಟದಲ್ಲಿ -19.4 ಡಿಬಿಎಂ ಇದೆ. ನಿನ್ನೆ ಇಡೀ ದಿನ ಅಷ್ಟೇ ಇತ್ತು.

ಗಾಜುನೂಲು:

ಹಾಗಾದರೆ ಗಾಜು ಚೆನ್ನಾಗಿದೆ. ಜಿಪಾನ್ ಬಿ-ಪ್ಲಸ್ ಓಎನ್‌ಯು -27ರವರೆಗೂ ತಾಳುತ್ತದೆ. ಬೆಳಕು ಕಡಿಮೆಯಾಗಿದ್ದರೆ ನಿಮ್ಮ ಸಣ್ಣ ಪಿಂಗೂ ಆಗಾಗ ಬೀಳುತ್ತಿತ್ತು. ಫೈಬರ್ ಬಿಡಿ, ಮೇಲಿನ ಪದರ ನೋಡಬೇಕು. ಅದಕ್ಕೆ ನನಗಿಂತ ಬಲ್ಲವರು ಇಲ್ಲಿದ್ದಾರೆ.

ಪದರಪದರ:

ಪಿಂಗ್ ಬರುತ್ತದೆ, ಪುಟ ಬರುವುದಿಲ್ಲ. ಇದನ್ನು ಓದಿದ ಕೂಡಲೇ ನನ್ನ ಕೈ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯ ಕಡೆ ಹೋಯಿತು. ರೈಲ್ವೆ ಕೆಳಸೇತುವೆಯಲ್ಲಿ ಬೈಕು, ಆಟೊ ಎಲ್ಲ ಆರಾಮಾಗಿ ಹೋಗುತ್ತವೆ. ಹುಲ್ಲು ತುಂಬಿದ ಲಾರಿ ಬಂದರೆ ನಿಂತಿತು. ನಿಮ್ಮ ಪಿಂಗ್ ಬೈಕಿದ್ದ ಹಾಗೆ.

ಲೆಕ್ಕ ನೋಡಿ. ಮೊಬೈಲ್ ಡೇಟಾ ಜಿಎನ್‌ಬಿಯಿಂದ ಕೋರ್‌ಗೆ ಹಾಗೇ ಹೋಗುವುದಿಲ್ಲ. ಜಿಟಿಪಿ-ಯು ಸುರಂಗದೊಳಗೆ ಹೋಗುತ್ತದೆ. ಪ್ರತಿ ಪ್ಯಾಕೆಟ್ ಮೇಲೂ ಹೊರಗಿನ ಐಪಿ 20 ಬೈಟ್, ಯುಡಿಪಿ 8, ಜಿಟಿಪಿ 8, ಮತ್ತೆ 5ಜಿಯ ಎಕ್ಸ್‌ಟೆನ್ಷನ್ ಹೆಡರ್‌ಗೆ 8. ಒಟ್ಟು 44. ಮೋಡೆಮ್ 1500 ಬೈಟ್ ಕಳಿಸಿದರೆ ಹೊರಗೆ ಬರುವುದು 1544. ಅದರ ಮೇಲೆ ಈಥರ್ನೆಟ್ ಹೆಡರ್, ವಿಎಲ್‌ಎಎನ್ ಬೇರೆ.

ಎರಡು ಪ್ರಶ್ನೆ. ಎಂಟಿಯು ಎಲ್ಲಾದರೂ ಬದಲಿಸಿದ್ದೀರಾ? ಕೋರ್‌ನಲ್ಲಿ ಸೆಷನ್ ನೋಡಿಕೊಳ್ಳುವ ಎಸ್‌ಎಂಎಫ್‌ನ ಕಾನ್ಫಿಗ್‌ನಲ್ಲಿ ಎಂಟಿಯು ಎಷ್ಟಿದೆ?

ಒಂದು ಪರೀಕ್ಷೆಯನ್ನೂ ಮಾಡಿ. ಕೋರ್ ಪಿಸಿಯಿಂದ ಜಿಎನ್‌ಬಿ ಪಿಸಿಗೆ ಪಿಂಗ್ ಮಾಡಿ, ಒಡೆಯಬಾರದು ಎಂಬ ಡಿಎಫ್ ಆಯ್ಕೆ ಹಾಕಿ. ಸೈಜ್ ಮೊದಲು 1472 ಕೊಡಿ, ಆಮೇಲೆ 1516. ಪಿಂಗ್‌ಗೆ ತನ್ನದೇ ಹೆಡರ್ 28 ಬೈಟ್ ಸೇರುತ್ತದೆ. ಹಾಗಾಗಿ ಅವು 1500 ಮತ್ತು 1544 ಆಗುತ್ತವೆ. ಒಂದೊಂದೇ ದಾರಿ ಹಾಕಿ ಬೇರೆ ಬೇರೆ ಮಾಡಿ. ಎರಡನ್ನೂ ಒಟ್ಟಿಗೆ ಹಾಕಿ ಅಳೆದರೆ ಏನೂ ಗೊತ್ತಾಗುವುದಿಲ್ಲ.

ಎಳೆಬೆಳಕು:

ಅಕ್ಕ, ಇದೇ ಇರಬೇಕು!

ವೈರ್‌ಲೆಸ್: 1472 ಬಂತು, 1516 ಕೂಡ ಬಂತು.
ಫೈಬರ್: 1472 ಬಂತು. 1473 ಕೊಟ್ಟರೂ ಬರುವುದಿಲ್ಲ.

ಮತ್ತೆ ಹೌದು, ನಾವೇ ಬದಲಿಸಿದ್ದೆವು. ಸುರಂಗಕ್ಕೆ ಜಾಗ ಬೇಕು ಅಂತ ಎರಡೂ ಪಿಸಿಯ ಮತ್ತು ವಿಸ್ವಿಚ್‌ನ ಎಂಟಿಯು 1600 ಮಾಡಿದ್ದೆವು. ಎಸ್‌ಎಂಎಫ್‌ನಲ್ಲಿ ಮೊದಲು 1400 ಇತ್ತು. ಜಾಸ್ತಿ ಇದ್ದರೆ ವೇಗ ಜಾಸ್ತಿ ಸಿಗುತ್ತದೆ ಎಂದುಕೊಂಡು 1500 ಮಾಡಿದೆವು. ಆಗ ಬರೀ ವೈರ್‌ಲೆಸ್ ಇತ್ತು, ಎಲ್ಲ ಓಡಿತು. ಫೈಬರ್ ಆಮೇಲೆ ಬಂದದ್ದು.

ಒಂದು ಅರ್ಥವಾಗಲಿಲ್ಲ. ದೊಡ್ಡದಾಯಿತು ಎಂದು ಯಾರೂ ಎರರ್ ಕಳಿಸಲಿಲ್ಲವಲ್ಲ, ಯಾಕೆ?

ಪದರಪದರ:

ಎರರ್ ಕಳಿಸುವುದು ರೂಟರ್ ಕೆಲಸ. "ಪ್ಯಾಕೆಟ್ ದೊಡ್ಡದು, ಚಿಕ್ಕದು ಕಳಿಸಿ" ಎಂದು ಐಸಿಎಂಪಿ ಮೂಲಕ ಅದು ಹೇಳುತ್ತದೆ. ನಿಮ್ಮ ಓಎನ್‌ಯು ಇಲ್ಲಿ ಬರೀ ಲೇಯರ್ 2. ಅದಕ್ಕೆ ಐಪಿ ಗೊತ್ತಿಲ್ಲ. ತನ್ನ ಮಿತಿ ದಾಟಿದ ಫ್ರೇಮ್ ಬಂದರೆ ಸದ್ದಿಲ್ಲದೆ ಬಿಸಾಡುತ್ತದೆ. ಪಿಸಿಗಳಿಗೆ 1600 ಓಕೆ ಎಂದು ನೀವೇ ಹೇಳಿದ್ದೀರಿ, ಹಾಗಾಗಿ ಅವೂ ಒಡೆಯದೆ ಕಳಿಸುತ್ತಿವೆ. ನಿಮ್ಮ ವೈರ್‌ಲೆಸ್ ಬ್ರಿಡ್ಜ್ ಅಷ್ಟು ದೊಡ್ಡದನ್ನು ಬಿಡುತ್ತದೆ. ಅದಕ್ಕೇ ಫೈಬರ್‌ಗಿಂತ ವೈರ್‌ಲೆಸ್ ಚೆನ್ನಾಗಿದೆ ಅನ್ನಿಸಿತು.

ಎಸ್‌ಎಂಎಫ್‌ನಲ್ಲಿ 1400ಕ್ಕೇ ವಾಪಸ್ ಹೋಗಿ. ಆಗ ಹೊರಗೆ 1444, ಎಲ್ಲ ಕಡೆ ಹಿಡಿಸುತ್ತದೆ. ಸೆಷನ್ ಶುರುವಾಗುವಾಗಲೇ ಕೋರ್ ಈ ಅಂಕಿಯನ್ನು ಮೋಡೆಮ್‌ಗೆ ಹೇಳುತ್ತದೆ. 3ಜಿಪಿಪಿ ದಾಖಲೆಗಳಲ್ಲಂತೂ 1358 ಎಂಬ ಅಂಕಿಯೇ ಇದೆ. ಐಪಿಸೆಕ್ ಗೂಢಲಿಪಿ ಸೇರಿದರೂ ಜಾಗ ಸಾಲಲಿ ಎಂದು ಅಷ್ಟು ಕಡಿಮೆ. ಸುಮ್ನೆ ಹೆಚ್ಚಿಸಿದರೆ ಮೊಬೈಲ್ ನೆಟ್‌ವರ್ಕ್‌ನಲ್ಲಿ ವೇಗ ಬರುವುದಿಲ್ಲ. ದಾರಿಯಲ್ಲಿ ಅತಿ ಚಿಕ್ಕ ಬಾಗಿಲು ಯಾವುದೋ ಅದೇ ಲೆಕ್ಕ.

ಎಳೆಬೆಳಕು:

1400 ಮಾಡಿದೆ. ಮೋಡೆಮ್ ಮತ್ತೆ ಕನೆಕ್ಟ್ ಮಾಡಿದೆ. ಫೈಬರ್‌ನಲ್ಲಿ 61 ಎಂಬಿಪಿಎಸ್ ಬಂತು! ನಾವು ಮೂವರೂ ಲ್ಯಾಬ್‌ನಲ್ಲಿ ಕೂಗಿಬಿಟ್ಟೆವು.

ಆದರೆ ಸಮಸ್ಯೆ 2 ಹಾಗೇ ಇದೆ. ಎಂಟನೇ ನಿಮಿಷಕ್ಕೆ ಮತ್ತೆ ಲೈಟೆಲ್ಲ ಮಿನುಗಿ ನಿಂತಿತು.

ಪದರಪದರ:

ಎರಡೂ ದಾರಿ ಇದ್ದಾಗ ಮಾತ್ರ, ಲೈಟೆಲ್ಲ ಒಂದೇ ಸಮನೆ ಅಂದರೆ ಅದು ಲೂಪ್. ಬ್ರಾಡ್‌ಕಾಸ್ಟ್ ಪ್ಯಾಕೆಟ್ ಫೈಬರ್‌ನಲ್ಲಿ ಹೋಗಿ ವೈರ್‌ಲೆಸ್‌ನಲ್ಲಿ ವಾಪಸ್ ಬಂದು ಸುತ್ತುತ್ತಿದೆ. ಲೂಪ್ ಯಾಕೆ ಎಂಬುದು ಊಹಿಸಬಲ್ಲೆ. ಕಂಟ್ರೋಲರ್ ಸಂಪರ್ಕ ಯಾಕೆ ತಪ್ಪುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು.

ವರ್ಕ್‌ಶಾಪ್ ಸ್ವಿಚ್ ಕಂಟ್ರೋಲರ್‌ಗೆ ಹೋಗುವುದು ಯಾವ ದಾರಿಯಲ್ಲಿ? ಫೇಲ್-ಮೋಡ್ (ಕಂಟ್ರೋಲರ್ ಸಿಗದಿದ್ದಾಗ ಸ್ವಿಚ್ ಏನು ಮಾಡಬೇಕು ಎಂಬ ಸೆಟ್ಟಿಂಗ್) ಏನಿದೆ? ಓಪನ್‌ಫ್ಲೋದ 6653 ಪೋರ್ಟ್ ಮೇಲೆ ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ ಹತ್ತು ನಿಮಿಷ ಹಿಡಿಯಿರಿ. ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ಹೇಳಿ.

ಎಳೆಬೆಳಕು:

ಕಂಟ್ರೋಲ್ ಕೂಡ ಅದೇ ವಿಸ್ವಿಚ್ ಮೂಲಕ, ಅದೇ ಫೈಬರ್‌ನಲ್ಲಿ ಹೋಗುತ್ತದೆ. ಬೇರೆ ತಂತಿ ಇಲ್ಲ. ಫೇಲ್-ಮೋಡ್ ನಾವು ಮುಟ್ಟಿಲ್ಲ.

ವೈರ್‌ಶಾರ್ಕ್‌ನಲ್ಲಿ ಮೊದಲ ಆರೇಳು ನಿಮಿಷ ಎಲ್ಲ ಚೆನ್ನಾಗಿದೆ. ಆಮೇಲೆ ವರ್ಕ್‌ಶಾಪ್ ಕಡೆಯಿಂದ 1548 ಬೈಟ್‌ನ ಒಂದೇ ಸೆಗ್ಮೆಂಟ್ ಮತ್ತೆ ಮತ್ತೆ ಹೋಗುತ್ತಿದೆ. ರೀಟ್ರಾನ್ಸ್‌ಮಿಷನ್, ರೀಟ್ರಾನ್ಸ್‌ಮಿಷನ್ ಎಂದು ಸಾಲು ಸಾಲು. ಆಮೇಲೆ ಡಿಸ್ಕನೆಕ್ಟ್. ಈ 1548 ಎಲ್ಲಿಂದ ಬಂತು?

ಪದರಪದರ:

ಅದೇ ಕಳ್ಳ, ಇನ್ನೊಂದು ಮನೆಗೆ ನುಗ್ಗಿದ್ದಾನೆ.

ಮೋಡೆಮ್‌ನ ಎಂಟಿಯು ಸರಿ ಮಾಡಿದಿರಿ. ಪಿಸಿ ಮತ್ತು ವಿಸ್ವಿಚ್‌ನ 1600 ಹಾಗೇ ಬಿಟ್ಟಿರಿ. 1600ರಲ್ಲಿ ಐಪಿ, ಟಿಸಿಪಿ ಹೆಡರ್ 40 ಕಳೆದರೆ 1560. ಟೈಮ್‌ಸ್ಟಾಂಪ್‌ನ 12 ಕಳೆದರೆ 1548. ನಿಮ್ಮ ಓಪನ್‌ಫ್ಲೋ ಮಾತುಕತೆಯೇ ಓಎನ್‌ಯು ಬಾಗಿಲಿಗಿಂತ ದೊಡ್ಡದಾಗಿದೆ.

ಮೊದಲ ಆರೇಳು ನಿಮಿಷ ಯಾಕೆ ಸರಿ ಇತ್ತು? ಆಗ ಸಂದೇಶಗಳು ಚಿಕ್ಕವು. ನಿಮ್ಮ ಆ್ಯಪ್ ಕೆಲವು ಸೆಕೆಂಡಿಗೊಮ್ಮೆ ಫ್ಲೋಗಳ (ಸ್ವಿಚ್‌ನಲ್ಲಿರುವ ದಾರಿ ನಿಯಮಗಳ) ಅಂಕಿಅಂಶ ಕೇಳುತ್ತದೆ ಅಲ್ವಾ? ಒಂದು ಫ್ಲೋಗೆ ಸುಮಾರು 100 ಬೈಟ್ ಉತ್ತರ. ಫ್ಲೋಗಳು ಹದಿನಾಲ್ಕೋ ಹದಿನೈದೋ ದಾಟಿದ ಗಳಿಗೆಯಲ್ಲಿ ಉತ್ತರ 1500 ಬೈಟ್ ಮೀರುತ್ತದೆ. ಆ ಸೆಗ್ಮೆಂಟ್ ಎಂದಿಗೂ ಆಚೆ ದಡ ಸೇರುವುದಿಲ್ಲ. ಟಿಸಿಪಿಯಲ್ಲಿ ಸರದಿ ತಪ್ಪಿಸುವಂತಿಲ್ಲ. ಅದರ ಹಿಂದೆ ನಿಂತ, ಸಂಪರ್ಕ ಇದೆಯೇ ಎಂದು ನೋಡುವ ಎಕೋ ಸಂದೇಶಗಳೂ ಅಲ್ಲೇ ಸಿಕ್ಕಿಕೊಂಡವು. ಕೊನೆಗೆ ಸಂಪರ್ಕ ಕಡಿಯಿತು.

ಇನ್ನು ಲೂಪ್. ಫೇಲ್-ಮೋಡ್ ಮುಟ್ಟದಿದ್ದರೆ ಓಪನ್ ವಿಸ್ವಿಚ್ ಸ್ಟಾಂಡ್‌ಅಲೋನ್‌ನಲ್ಲಿ ಇರುತ್ತದೆ. ಕಂಟ್ರೋಲರ್ ಮಾತಾಡುತ್ತಿಲ್ಲ ಎಂದು ಗೊತ್ತಾಗಲು 5 ಸೆಕೆಂಡಿನ ಪ್ರೋಬ್. ಅದರ ಮೂರು ಪಟ್ಟು, ಅಂದರೆ 15 ಸೆಕೆಂಡ್ ಕಾದು ಅದು ಸಾಮಾನ್ಯ ಸ್ವಿಚ್ ಆಗಿಬಿಡುತ್ತದೆ. ಸಾಮಾನ್ಯ ಸ್ವಿಚ್ ಬ್ರಾಡ್‌ಕಾಸ್ಟನ್ನು ಎಲ್ಲ ಪೋರ್ಟ್‌ಗೂ ಹರಡುತ್ತದೆ. ಮೇನ್ ಬ್ಲಾಕ್ ಕಡೆಯೂ ನಿಮ್ಮ ಕೋಡ್ ಎಆರ್‌ಪಿಯನ್ನು (ಈ ಐಪಿ ಯಾರದು ಎಂದು ಕೇಳುವ ಬ್ರಾಡ್‌ಕಾಸ್ಟ್) ಎಲ್ಲ ಕಡೆ ಹರಡುತ್ತಿರಬೇಕು. ಎರಡು ದಾರಿ ಇವೆ, ಸುತ್ತು ಶುರು. ಮತ್ತೆ ಕನೆಕ್ಟ್ ಆದಾಗ ಫ್ಲೋಗಳು ಹೊಸದಾಗಿ, ಕಡಿಮೆ ಇರುತ್ತವೆ. ಹಾಗಾಗಿ ಮತ್ತೆ ಏಳು ನಿಮಿಷ ನೆಮ್ಮದಿ.

ಮಾಡಬೇಕಾದ್ದು: ಎಲ್ಲ ಕಡೆ ಎಂಟಿಯು 1500 ಮಾಡಿ. ಎರಡೂ ಸ್ವಿಚ್‌ನ ಫೇಲ್-ಮೋಡ್ ಸೆಕ್ಯೂರ್ ಮಾಡಿ. ಆಗ ಕಂಟ್ರೋಲರ್ ತಪ್ಪಿದರೂ ಇದ್ದ ಫ್ಲೋಗಳು ಹಾಗೇ ಉಳಿಯುತ್ತವೆ, ಡೇಟಾ ಓಡುತ್ತಿರುತ್ತದೆ. ಎಆರ್‌ಪಿಯನ್ನು ಒಂದೇ ದಾರಿಯಲ್ಲಿ ಬಿಡಿ. ಸಾಧ್ಯವಾದರೆ ಕಂಟ್ರೋಲ್‌ಗೆ ಬೇರೆ ಪೋರ್ಟ್, ಬೇರೆ ವಿಎಲ್‌ಎಎನ್ ಕೊಡಿ. ಯಾವ ಕೊಂಬೆ ಕಡಿಯಬೇಕೋ ಅದೇ ಕೊಂಬೆಯ ಮೇಲೆ ಕಂಟ್ರೋಲರ್ ಕೂತಿರಬಾರದು.

ನಿಮ್ಮ ಗೈಡ್‌ಗೂ ಹೇಳಿ: ಈ ಎರಡು ಸಮಸ್ಯೆಗೂ ಮೂಲ ಕಾರಣ ನಿಮ್ಮ ಕೋಡ್ ಅಲ್ಲ.

ಗೋಪುರ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾವೂ ಇಂಥದ್ದೇ ಲ್ಯಾಬ್ ಕಟ್ಟುವ ಯೋಚನೆಯಲ್ಲಿದ್ದೇವೆ. ಜಿಎನ್‌ಬಿಯನ್ನೇ ಒಡೆದು ರೇಡಿಯೋ ಮಾತ್ರ ಆಚೆ ಕಟ್ಟಡದಲ್ಲಿಟ್ಟು, ಉಳಿದದ್ದನ್ನು ಸರ್ವರ್ ರೂಮಿನಲ್ಲಿಟ್ಟರೆ ಹೇಗೆ? ಜಿಪಾನ್ ಸಾಕಾಗುತ್ತದೆಯೇ?

ಗಾಜುನೂಲು:

ಇಲ್ಲ ಗೆಳೆಯರೇ, ಜಿಪಾನ್ ಸಾಲದು. ಕೋರ್‌ವರೆಗಿನ ಬ್ಯಾಕ್‌ಹಾಲ್ ಬೇರೆ, ರೇಡಿಯೋವರೆಗಿನ ಫ್ರಂಟ್‌ಹಾಲ್ ಬೇರೆ. ಹಳೇ ಸಿಪಿಆರ್‌ಐ ಪದ್ಧತಿಯಲ್ಲಿ 20 ಮೆಗಾಹರ್ಟ್ಸ್, ಎರಡು ಆಂಟೆನಾದ ಎಲ್‌ಟಿಇಗೇ 2.4576 ಜಿಬಿಪಿಎಸ್ ಬೇಕು. ಬಳಸುವವರು ಒಬ್ಬರೂ ಇಲ್ಲದಿದ್ದರೂ ಅಷ್ಟು ಹರಿಯುತ್ತಲೇ ಇರಬೇಕು. ಜಿಪಾನ್‌ನಲ್ಲಿ ಮೇಲ್ಮುಖ ಇರುವುದು ಒಟ್ಟು 1.244. ಅದೂ ಎಲ್ಲ ಓಎನ್‌ಯುಗಳ ಪಾಲು ಸೇರಿ.

ಸಮಯದ ತೊಂದರೆ ಇನ್ನೂ ದೊಡ್ಡದು. ಬೆಳಕು ಗಾಜಿನಲ್ಲಿ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 600 ಮೀಟರಿಗೆ 3. ಅದು ಲೆಕ್ಕಕ್ಕೇ ಇಲ್ಲ. ಆದರೆ ಓಎನ್‌ಯು ಮಾತಾಡಬೇಕಾದರೆ ಓಎಲ್‌ಟಿಯ ಅನುಮತಿ ಕೇಳಿ ಕಾಯಬೇಕು. ಅದು ಮಿಲಿಸೆಕೆಂಡ್ ಮಟ್ಟಕ್ಕೆ ಹೋಗುತ್ತದೆ. ಫ್ರಂಟ್‌ಹಾಲ್‌ಗೆ ಇರುವ ಅವಕಾಶ ಸುಮಾರು 100 ಮೈಕ್ರೋಸೆಕೆಂಡ್. ಅದಕ್ಕೇ 10 ಜಿಬಿಪಿಎಸ್‌ನ ಎಕ್ಸ್‌ಜಿಎಸ್-ಪಾನ್ ಬೇಕು, ಜೊತೆಗೆ ಮೊಬೈಲ್ ಕಡೆಯ ಶೆಡ್ಯೂಲರ್ ಮುಂಚೆಯೇ ಓಎಲ್‌ಟಿಗೆ "ಇಂಥ ಹೊತ್ತಿಗೆ ಇಷ್ಟು ಬರುತ್ತದೆ" ಎಂದು ಹೇಳುವ ಏರ್ಪಾಡು ಬೇಕು. ಓ-ರಾನ್ ಗುಂಪು ಇದಕ್ಕೆ ಸಿಟಿಐ ಎಂಬ ಇಂಟರ್‌ಫೇಸ್ ಮಾಡಿದೆ. ಲ್ಯಾಬ್‌ಗಾದರೆ ಎರಡು 10ಜಿ ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಮಾಡ್ಯೂಲ್), ಬೇರೆ ಯಾರೂ ಬಳಸದ ಒಂದು ಜೋಡಿ ಡಾರ್ಕ್ ಫೈಬರ್ ಹಾಕಿಬಿಡಿ. ತಲೆನೋವು ಕಡಿಮೆ.

ಎಳೆಬೆಳಕು:

ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆವರೆಗೆ ಒಂದು ಸಲವೂ ನಿಲ್ಲಲಿಲ್ಲ! ಎಂಟಿಯು 1500, ಫೇಲ್-ಮೋಡ್ ಸೆಕ್ಯೂರ್. ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ ಅಕ್ಕ.

ಈಗ ನಿಜವಾದ ಪ್ರಾಜೆಕ್ಟ್ ಶುರು ಮಾಡಿದೆವು. ಅಲ್ಲಿ ಎರಡು ವಿಷಯ ಸರಿಬರುತ್ತಿಲ್ಲ.

ಡೇಟಾ ಎರಡೂ ದಾರಿಯಲ್ಲಿ ಹಂಚಿ ಹೋಗಲಿ ಎಂದು ಸೆಲೆಕ್ಟ್ ಗ್ರೂಪ್ ಹಾಕಿದೆವು. ಎರಡು ಮೋಡೆಮ್ ಇಟ್ಟರೂ ಎಲ್ಲ ಒಂದೇ ದಾರಿಯಲ್ಲಿ ಹೋಗುತ್ತದೆ.

ಎರಡನೆಯದು, ಮಧ್ಯಾಹ್ನ ಸಿಸಿಟಿವಿ ಬ್ಯಾಕಪ್ ಶುರುವಾದಾಗ ಮೋಡೆಮ್‌ನ ಅಪ್‌ಲೋಡ್ 4-5 ಎಂಬಿಪಿಎಸ್‌ಗೆ ಬೀಳುತ್ತದೆ. ಆದರೆ ಕಂಟ್ರೋಲರ್ ಪ್ರಕಾರ ಫೈಬರ್ ಬಹುತೇಕ ಖಾಲಿ. ಹಾಗಾಗಿ ದಾರಿ ಬದಲಿಸುವುದೇ ಇಲ್ಲ.

ಪದರಪದರ:

ಹಂಚಿಕೆ ಹ್ಯಾಶ್ ಮೇಲೆ ನಡೆಯುತ್ತದೆ. ಐಪಿ, ಪೋರ್ಟ್ ನೋಡಿ ದಾರಿ ಆರಿಸುತ್ತದೆ. ಸುರಂಗದೊಳಗೆ ಎಷ್ಟು ಮೋಡೆಮ್ ಇದ್ದರೂ ಹೊರಗಿನ ವಿಳಾಸ ಒಂದೇ: ಈ ಕಡೆ ಜಿಎನ್‌ಬಿ, ಆ ಕಡೆ ಕೋರ್‌ನಲ್ಲಿ ಡೇಟಾ ಸಾಗಿಸುವ ಯುಪಿಎಫ್, ಎರಡೂ ಪೋರ್ಟ್ 2152. ಸ್ವಿಚ್ ಕಣ್ಣಿಗೆ ಅದೊಂದೇ ಹರಿವು. ಒಳಗಿನ ಟಿಇಐಡಿ (ಸುರಂಗದ ಗುರುತು ಸಂಖ್ಯೆ) ನೋಡಿದರೆ ಬೇರೆ ಮಾಡಬಹುದು, ಆದರೆ ಓಪನ್‌ಫ್ಲೋ 1.3ರಲ್ಲಿ ಅದನ್ನು ನೋಡುವ ಮ್ಯಾಚ್ ಇಲ್ಲ. ಸುಲಭದ ದಾರಿ: ಎರಡು ಯುಪಿಎಫ್ ಓಡಿಸಿ, ಬೇರೆ ಬೇರೆ ಐಪಿ ಕೊಡಿ. ಒಂದು ಡಿಎನ್‌ಎನ್ (ಮೋಡೆಮ್ ಸೇರುವ ಡೇಟಾ ಜಾಲದ ಹೆಸರು) ಮೊದಲನೆಯದಕ್ಕೆ, ಇನ್ನೊಂದು ಎರಡನೆಯದಕ್ಕೆ. ಆಗ ಕಂಟ್ರೋಲರ್ ಬರೀ ಐಪಿ ನೋಡಿ ತಿರುಗಿಸಬಹುದು. ಒಂದೇ ಸೆಷನ್ನಿನ ಪ್ಯಾಕೆಟ್‌ಗಳನ್ನು ಮಾತ್ರ ಎರಡು ದಾರಿಗೆ ಹಂಚಬೇಡಿ. ಎರಡರ ವಿಳಂಬ ಬೇರೆ, ಸರದಿ ಕಲಸಿಹೋಗಿ ಟಿಸಿಪಿ ಕುಸಿಯುತ್ತದೆ.

ಎರಡನೆಯದು ನಿಮ್ಮ ಪ್ರಾಜೆಕ್ಟಿನ ಜೀವಾಳ. ಸಿಸಿಟಿವಿ ಓಎನ್‌ಯುನ ಇನ್ನೊಂದು ಪೋರ್ಟಿಗೆ ಸಿಕ್ಕಿಸಿರಬೇಕು, ಅಲ್ವಾ? ಅದು ನಿಮ್ಮ ವಿಸ್ವಿಚ್ ಮೂಲಕ ಹಾಯುವುದೇ ಇಲ್ಲ. ಕಂಟ್ರೋಲರ್ ಎಣಿಸುವುದು ತನ್ನ ಪೋರ್ಟ್‌ನ ಬೈಟ್‌ಗಳನ್ನು ಮಾತ್ರ. ಪೋರ್ಟ್ ವೇಗ ಕೇಳಿದರೂ ಎರಡೂ ದಾರಿಗೆ 1 ಜಿಬಿಪಿಎಸ್ ಎಂದು ಬರುತ್ತದೆ. ಯಾಕೆಂದರೆ ಅದು ಓಎನ್‌ಯುವರೆಗಿನ, ಬ್ರಿಡ್ಜ್‌ವರೆಗಿನ ಎರಡು ಮೀಟರ್ ತಾಮ್ರದ ಕೇಬಲ್‌ನ ವೇಗ. ಅದರಾಚೆ ಗಾಜಿನಲ್ಲಿ, ಗಾಳಿಯಲ್ಲಿ ಏನಾಗುತ್ತಿದೆ ಎಂದು ಕಂಟ್ರೋಲರ್‌ಗೆ ಯಾರೂ ಹೇಳಿಲ್ಲ. ಓಪನ್‌ಫ್ಲೋ 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯಾಂಪಸ್ ಸ್ವಿಚ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಶುರುವಾದದ್ದು. ಪಾನ್ ಮತ್ತು ರೇಡಿಯೋ ಅದಕ್ಕೆ ತಾವಾಗಿಯೇ ಕಾಣುವುದಿಲ್ಲ. ನೀವು ಕಾಣಿಸಬೇಕು.

ಓಎಲ್‌ಟಿಯಿಂದ ನಿಮ್ಮ ಓಎನ್‌ಯುನ ಮೇಲ್ಮುಖ ಅಂಕಿಯನ್ನು ಎಸ್‌ಎನ್‌ಎಂಪಿಯಲ್ಲಿ ಓದಿ. ಬ್ರಿಡ್ಜ್‌ನಿಂದ ಈಗಿನ ಮಾಡ್ಯುಲೇಷನ್ ಅಥವಾ ಲಿಂಕ್ ಸಾಮರ್ಥ್ಯ ಓದಿ. ಓಎಲ್‌ಟಿ ಮುಟ್ಟಲು ಬಿಡದಿದ್ದರೆ ಸೆಕೆಂಡಿಗೊಂದು ಸಣ್ಣ ಪ್ರೋಬ್ ಪ್ಯಾಕೆಟ್ ಬಿಟ್ಟು ವಿಳಂಬ ಅಳೆಯಿರಿ. ಸರದಿ ತುಂಬಿದರೆ ವಿಳಂಬ ಏರುತ್ತದೆ, ಅದು ಸುಳ್ಳು ಹೇಳುವುದಿಲ್ಲ. ದಾರಿ ಬದಲಿಸಲು ಒಂದು ಗೆರೆ, ವಾಪಸ್ ಬರಲು ಅದಕ್ಕಿಂತ ಕೆಳಗೆ ಇನ್ನೊಂದು ಗೆರೆ ಇಡಿ. ಇಲ್ಲದಿದ್ದರೆ ಅತ್ತಿಂದಿತ್ತ ಓಲಾಡುತ್ತದೆ.

ಮುಂದಿನ ಹೆಜ್ಜೆಯಾಗಿ ವೋಲ್ಥಾ ನೋಡಿ. ಇಡೀ ಪಾನ್ ಅನ್ನು ಕಂಟ್ರೋಲರ್‌ಗೆ ಒಂದು ಓಪನ್‌ಫ್ಲೋ ಸ್ವಿಚ್ ಎಂಬಂತೆ ತೋರಿಸುವ ತಂತ್ರಾಂಶ ಅದು. ಅದಕ್ಕೆ ಹೊಂದುವ ಓಎಲ್‌ಟಿ ಬೇಕು.

ಗಾಜುನೂಲು:

ಕ್ಯಾಂಪಸ್ ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಓಎನ್‌ಯುನ ಟಿ-ಕಾಂಟ್ (ಮೇಲ್ಮುಖ ಡೇಟಾಗೆ ಓಎಲ್‌ಟಿ ಪಾಲು ಕೊಡುವ ಘಟಕ) ಯಾವ ಟೈಪ್ ಎಂದು ಕೇಳಿ. ಟೈಪ್ 4 ಅಂದರೆ ಬೆಸ್ಟ್ ಎಫರ್ಟ್, ಉಳಿದದ್ದು ಸಿಕ್ಕರೆ ಸಿಕ್ಕಿತು. ನಿಮ್ಮ ಡೇಟಾಗೂ ಸಿಸಿಟಿವಿಗೂ ಬೇರೆ ಬೇರೆ ಟಿ-ಕಾಂಟ್ ಮಾಡಿ, ನಿಮ್ಮದಕ್ಕೆ ಟೈಪ್ 3 ಕೊಟ್ಟು 30 ಎಂಬಿಪಿಎಸ್ ಖಾತ್ರಿ ಮಾಡಿಸಿ. ಓಎಲ್‌ಟಿಯಲ್ಲಿ ಹತ್ತು ನಿಮಿಷದ ಕೆಲಸ. ಕೋಪಿಸಿಕೊಳ್ಳದೆ ಮಾಡಿಕೊಡುತ್ತಾರೆ.

ಎಳೆಬೆಳಕು:

ಟೈಪ್ 4 ಇತ್ತು ಸರ್, ಎಲ್ಲಕ್ಕೂ ಸೇರಿ ಒಂದೇ, 100 ಎಂಬಿಪಿಎಸ್ ಮಿತಿ. ಈಗ ಎರಡು ಮಾಡಿಕೊಟ್ಟಿದ್ದಾರೆ. ಆದರೆ ಪ್ರಾಜೆಕ್ಟ್ ಡೆಮೋಗೆ ಹಳೆಯದನ್ನೇ ಒಂದು ವಾರ ಇಟ್ಟುಕೊಂಡೆವು, ಕಂಟ್ರೋಲರ್ ತಿರುಗಿಸುವುದನ್ನು ತೋರಿಸಬೇಕಲ್ಲ.

ಓಎಲ್‌ಟಿ ಓದಲು ಅನುಮತಿ ಸಿಗಲಿಲ್ಲ. ಅಕ್ಕ ಹೇಳಿದ ಪ್ರೋಬ್ ಬರೆದೆವು. ಖಾಲಿ ಇದ್ದಾಗ ಫೈಬರ್‌ನಲ್ಲಿ ಹೋಗಿಬರಲು ಸುಮಾರು 2 ಮಿಲಿಸೆಕೆಂಡ್. ಬ್ಯಾಕಪ್ ಶುರುವಾದರೆ 40 ದಾಟುತ್ತದೆ. 15 ದಾಟಿದರೆ ವೈರ್‌ಲೆಸ್‌ಗೆ, ಒಂದು ನಿಮಿಷ 5ರ ಕೆಳಗೆ ಇದ್ದರೆ ವಾಪಸ್. ಇವತ್ತು ಮಧ್ಯಾಹ್ನ ಬ್ಯಾಕಪ್ ಶುರುವಾದ ಮೂರನೇ ಸೆಕೆಂಡಿಗೆ ತಿರುಗಿತು. ಅಪ್‌ಲೋಡ್ 22ರಲ್ಲೇ ನಿಂತಿತು, ಬೀಳಲಿಲ್ಲ. ಗೈಡ್ ಪಕ್ಕದಲ್ಲೇ ನಿಂತು ನೋಡಿದರು.

ಮಳೆ ಬಂದಾಗ ಬ್ರಿಡ್ಜ್ ಸಿಗ್ನಲ್ 6 ಡಿಬಿ ಬೀಳುತ್ತದೆ. ನಡುವಿನ ಮರದ ಒದ್ದೆ ಎಲೆ ಕಾರಣ ಇರಬೇಕು. ಮರ ಕಡಿಸುವುದಿಲ್ಲ. ಕಂಬವನ್ನೇ ಎರಡು ಮೀಟರ್ ಎತ್ತರಿಸುತ್ತೇವೆ.